ಬೀದಿಯಲ್ಲಿ ತೆಗೆದ ಫೋಟೊ ಎಲ್ಲಿಗೆ ಹೋಗುತ್ತದೆ? ಅಪರಿಚಿತರ ಚಿತ್ರ ಮತ್ತು ಕಾನೂನು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಗೆ ಕ್ಯಾಮೆರಾ ಹಿಡಿದು ಹೋದವರು ಬರಿಗೈಯಲ್ಲಿ ಹಿಂದಿರುಗುವುದು ಕಷ್ಟ. ಒಲೆಯ ಬೆಂಕಿ, ಕಾದ ಮರಳು, ಹೊಗೆಯನ್ನು ಸೀಳಿಕೊಂಡು ಬರುವ ಬಿಸಿಲು, ಬೆವರಿದ ಮುಖಗಳು. ಕೆಲವು ವರ್ಷಗಳ ಹಿಂದೆ ನಾನೂ ಹೋಗಿದ್ದೆ. ಚೀಲಕ್ಕೆ ಮಂಡಕ್ಕಿ ತುಂಬುತ್ತಿದ್ದ ಮಹಿಳೆಯೊಬ್ಬರ ಫೋಟೊ ತೆಗೆದೆ. ಅವರು ಸಿಟ್ಟಾಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಕೈಕೆಲಸ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: “ಇದು ಎಲ್ಲಿಗೆ ಹೋಗುತ್ತದೆ ಅಣ್ಣಾ?”

ಉತ್ತರ ನನ್ನ ಬಳಿ ಇರಲಿಲ್ಲ. ಆ ಪ್ರಶ್ನೆ ಈಗ ನಮ್ಮೆಲ್ಲರ ಮುಂದಿದೆ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಮೆಟ್ರೊದಲ್ಲಿ ಪ್ರಯಾಣಿಸುವ ಮಹಿಳೆಯರನ್ನು ಗುಟ್ಟಾಗಿ ಚಿತ್ರೀಕರಿಸಿ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತಿದ್ದ ಖಾತೆಯೊಂದು ಬೆಳಕಿಗೆ ಬಂದು, ಅದನ್ನು ನಡೆಸುತ್ತಿದ್ದವನ ಬಂಧನವಾಯಿತು. ಅದೇ ವರ್ಷದ ಜುಲೈನಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ನಡೆದು ಹೋಗುವ ಯುವತಿಯರ ವಿಡಿಯೊ ಮಾಡುತ್ತಿದ್ದ ಇನ್ನೊಬ್ಬನೂ ಸಿಕ್ಕಿಬಿದ್ದ. ಇದು ದೊಡ್ಡ ನಗರದ ಕಾಯಿಲೆ ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಗಾಜಿನ ಮನೆ, ಕುಂದುವಾಡ ಕೆರೆ ಏರಿ, ಬೆಣ್ಣೆದೋಸೆ ಹೋಟೆಲ್‌ಗಳ ಬಾಗಿಲು, ಚಿತ್ರದುರ್ಗದ ಕೋಟೆಯ ಮೆಟ್ಟಿಲು, ಎಲ್ಲೆಲ್ಲೂ ಈಗ ರೀಲ್ಸ್ ಮಾಡುವವರಿದ್ದಾರೆ. ಅವರ ಚೌಕಟ್ಟಿನೊಳಗೆ ನಾವೂ ನೀವೂ ಸಿಕ್ಕಿಬೀಳುತ್ತೇವೆ. ಹಾಗಾದರೆ ಯಾರು ಯಾರ ಫೋಟೊ ತೆಗೆಯಬಹುದು? ಎಲ್ಲಿಯವರೆಗೆ?

ಮೊದಲು ಮೂರು ಪದಗಳು

ಸಾರ್ವಜನಿಕ ಸ್ಥಳವೆಂದರೆ ಯಾರ ಅಪ್ಪಣೆಯೂ ಇಲ್ಲದೆ ಜನ ಓಡಾಡಬಹುದಾದ ಜಾಗ: ರಸ್ತೆ, ಸಂತೆ, ಬಸ್ ನಿಲ್ದಾಣ, ಜಾತ್ರೆಯ ಬಯಲು. ಹೋಟೆಲ್, ಬಟ್ಟೆ ಅಂಗಡಿ, ಸಿನಿಮಾ ಮಂದಿರಗಳು ಇದಕ್ಕಿಂತ ಬೇರೆ. ಅಲ್ಲಿಗೆ ಯಾರು ಬೇಕಾದರೂ ಬರಬಹುದು, ಆದರೆ ಜಾಗಕ್ಕೆ ಒಬ್ಬ ಮಾಲೀಕರಿದ್ದಾರೆ. ಒಳಗೆ ಫೋಟೊ ಬೇಡ ಎಂದು ಹೇಳುವ ಅಧಿಕಾರ ಅವರಿಗಿದೆ.

ಖಾಸಗಿತನದ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆಯಿದೆ. ಮನೆಯ ಹೊಸ್ತಿಲು ದಾಟಿದ ಮೇಲೆ ಖಾಸಗಿತನ ಎಲ್ಲಿಯದು ಎಂದು ಹಲವರು ಕೇಳುತ್ತಾರೆ. ಹರಿಹರದಿಂದ ಬರುವ ಬಸ್ಸಿನಲ್ಲಿ ಪಕ್ಕದವರು ಮೊಬೈಲ್‌ನಲ್ಲಿ ಮಗಳ ಸಂಬಂಧದ ವಿಷಯ ಮಾತನಾಡುತ್ತಿದ್ದಾರೆ ಎಂದುಕೊಳ್ಳಿ. ಆ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ, ಅದು ನಿಮ್ಮ ತಪ್ಪಲ್ಲ. ಅದನ್ನೇ ಮುದ್ರಿಸಿಕೊಂಡು ಊರಿಗೆಲ್ಲ ಕೇಳಿಸಿದರೆ? ಕಿವಿಗೆ ಬೀಳುವುದಕ್ಕೂ ಊರಿಗೆ ಕೇಳಿಸುವುದಕ್ಕೂ ಇರುವ ಅಂತರವೇ ಕಣ್ಣಿಗೆ ಬೀಳುವುದಕ್ಕೂ ಫೋಟೊ ಹಂಚುವುದಕ್ಕೂ ಇದೆ.

ಮೂರನೆಯದು ಒಪ್ಪಿಗೆ. ಫೋಟೊ ತೆಗೆಯಲು ಕೊಟ್ಟ ಒಪ್ಪಿಗೆ ಬೇರೆ, ಅದನ್ನು ಹಂಚಲು ಕೊಟ್ಟ ಒಪ್ಪಿಗೆ ಬೇರೆ. ಊಟಕ್ಕೆ ಕರೆದವರು ಉಗ್ರಾಣದ ಬೀಗದ ಕೈ ಕೊಟ್ಟಿರುವುದಿಲ್ಲ.

ಕ್ಯಾಮೆರಾದ ಜೊತೆಗೇ ಬೆಳೆದ ಹಕ್ಕು

ಆರಂಭದ ಕ್ಯಾಮೆರಾಗಳ ಮುಂದೆ ಜನ ಅಲುಗಾಡದೆ ಕೂರಬೇಕಿತ್ತು. ಹಾಗಾಗಿ ಗೊತ್ತಿಲ್ಲದಂತೆ ಒಬ್ಬರ ಚಿತ್ರ ತೆಗೆಯುವುದು ಬಹುಮಟ್ಟಿಗೆ ಆಗದ ಮಾತು, ಕುಳಿತದ್ದೇ ಒಪ್ಪಿಗೆಯಾಗುತ್ತಿತ್ತು. 1888ರಲ್ಲಿ ಕೊಡ್ಯಾಕ್ ಕಂಪನಿಯ ಕೈ ಕ್ಯಾಮೆರಾ ಅಮೆರಿಕದ ಮಾರುಕಟ್ಟೆಗೆ ಬಂತು. ಬೀದಿಯಲ್ಲಿ ಹೋಗುವವರನ್ನು ಕ್ಷಣಾರ್ಧದಲ್ಲಿ ಹಿಡಿಯುವ ಸೌಕರ್ಯ ಸಾಮಾನ್ಯರ ಕೈಗೆ ಸಿಕ್ಕಿತು. ಎರಡೇ ವರ್ಷಗಳಲ್ಲಿ, 1890ರಲ್ಲಿ, ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಬಾಸ್ಟನ್‌ನ ಇಬ್ಬರು ವಕೀಲರು ಖಾಸಗಿತನದ ಹಕ್ಕಿನ ಬಗ್ಗೆ ಪ್ರಸಿದ್ಧವಾದ ಲೇಖನ ಬರೆದರು. ಕ್ಷಣಮಾತ್ರದಲ್ಲಿ ತೆಗೆಯುವ ಫೋಟೊಗಳನ್ನೂ ಪತ್ರಿಕೆಗಳನ್ನೂ ಹೆಸರಿಸಿಯೇ ಅವರು ಆತಂಕ ತೋಡಿಕೊಂಡಿದ್ದರು. ತನ್ನ ಪಾಡಿಗೆ ತನ್ನನ್ನು ಬಿಡಬೇಕೆಂದು ಕೇಳುವ ಹಕ್ಕು ಮನುಷ್ಯನಿಗಿದೆ ಎಂಬುದು ಅವರ ವಾದ.

ಜರ್ಮನಿಯಲ್ಲಿ ಕಾರಣ ಇನ್ನೂ ಕಠೋರವಾಗಿತ್ತು. 1898ರಲ್ಲಿ ಆ ದೇಶದ ಮಾಜಿ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಛಾಯಾಗ್ರಾಹಕರು ಮನೆಯೊಳಗೆ ನುಸುಳಿ ಶವದ ಫೋಟೊ ತೆಗೆದರು. ಅದರ ಕೋಲಾಹಲದ ಪರಿಣಾಮವಾಗಿ 1907ರ ಕಾಯ್ದೆ ಬಂತು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಒಬ್ಬರ ಚಿತ್ರವನ್ನು ಪ್ರಕಟಿಸಲು ಅವರ ಒಪ್ಪಿಗೆ ಬೇಕು ಎಂಬುದು ಅಲ್ಲಿ ಅಂದಿನಿಂದ ಇರುವ ನಿಯಮ.

ಭಾರತದಲ್ಲಿ ಇಂಥ ಪ್ರತ್ಯೇಕ ಕಾಯ್ದೆ ಬರಲೇ ಇಲ್ಲ. ನಮಗೆ ದಾರಿ ತೋರಿದ್ದು ನ್ಯಾಯಾಲಯಗಳು. 1994ರಲ್ಲಿ ಸುಪ್ರೀಂ ಕೋರ್ಟ್, ತಮಿಳುನಾಡಿನ ಆಟೊ ಶಂಕರ್ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ, ಒಬ್ಬರ ಖಾಸಗಿ ಸಂಗತಿಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ ಎಂದಿತು. ಸಾರ್ವಜನಿಕ ದಾಖಲೆಗಳಲ್ಲಿರುವುದನ್ನೂ ಅಧಿಕಾರಿಗಳು ಕರ್ತವ್ಯದಲ್ಲಿ ನಡೆದುಕೊಂಡ ಬಗೆಯನ್ನೂ ಅದರಿಂದ ಹೊರಗಿಟ್ಟಿತು. ಆಮೇಲೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಪ್ರಕರಣ ಬಂತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಖಾಸಗಿತನ ಅಂಟಿಕೊಂಡಿರುವುದು ಜಾಗಕ್ಕಲ್ಲ, ವ್ಯಕ್ತಿಗೆ. ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ ಎಂಬ ವಿವರಣೆಯೂ ಆ ತೀರ್ಪಿನಲ್ಲಿದೆ. ನಮ್ಮ ಚರ್ಚೆಗೆ ಬುನಾದಿ ಇದೇ.

ತೆಗೆಯುವುದೇ ಅಪರಾಧವೇ?

ಬಹುಪಾಲು ಸಂದರ್ಭಗಳಲ್ಲಿ ಅಲ್ಲ. ರಸ್ತೆಯಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ಕಂಡವರ ಫೋಟೊ ತೆಗೆಯಬಾರದು ಎಂದು ಹೇಳುವ ಕಾಯ್ದೆ ನಮ್ಮಲ್ಲಿಲ್ಲ. ನಾಯಕನಹಟ್ಟಿಯ ತೇರಿನ ಫೋಟೊದಲ್ಲಿ ಸಾವಿರಾರು ಮುಖಗಳಿರುತ್ತವೆ. ಒಬ್ಬೊಬ್ಬರ ಅನುಮತಿ ಕೇಳಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಕೆಲವು ಗೆರೆಗಳಿವೆ. ಅವನ್ನು ದಾಟಿದರೆ ಕ್ಯಾಮೆರಾದ ಗುಂಡಿ ಒತ್ತಿದ ಕ್ಷಣದಲ್ಲೇ ಅಪರಾಧ ನಡೆದುಹೋಗಿರುತ್ತದೆ.

ಮೊದಲನೆಯ ಗೆರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಗೆ ಮುನ್ನ ಇದು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 354ಸಿ ಆಗಿತ್ತು. ಯಾರೂ ನೋಡುತ್ತಿಲ್ಲವೆಂದು ನಂಬಲು ಕಾರಣವಿರುವ ಸನ್ನಿವೇಶದಲ್ಲಿ ಮಹಿಳೆಯ ಖಾಸಗಿ ಕ್ರಿಯೆಯನ್ನು ಪುರುಷನೊಬ್ಬ ಕದ್ದು ನೋಡುವುದು, ಚಿತ್ರ ತೆಗೆಯುವುದು ಅಥವಾ ಹಂಚುವುದು ಇದರಡಿ ಅಪರಾಧ. ಮೊದಲ ಬಾರಿಗೆ ಒಂದರಿಂದ ಮೂರು ವರ್ಷ, ಮತ್ತೆ ಮಾಡಿದರೆ ಮೂರರಿಂದ ಏಳು ವರ್ಷ ಜೈಲು. ಹರಿಹರದ ತುಂಗಭದ್ರೆಯಲ್ಲಿ ಮಿಂದು, ಮರೆಯಲ್ಲಿ ಬಟ್ಟೆ ಬದಲಿಸುತ್ತಿರುವವರ ಕಡೆಗೆ ಜೂಮ್ ತಿರುಗಿಸಿದವನು ನದಿ ಎಲ್ಲರದು ಎಂದು ವಾದಿಸಿ ಪಾರಾಗಲಾರ. ಅವರು ಮರೆ ಹುಡುಕಿದ್ದೇ ಮುಖ್ಯವಾಗುತ್ತದೆ.

ಎರಡನೆಯದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ. ಒಪ್ಪಿಗೆಯಿಲ್ಲದೆ ವ್ಯಕ್ತಿಯೊಬ್ಬರ ಗುಪ್ತಾಂಗಗಳ ಚಿತ್ರ ತೆಗೆಯುವುದು, ಪ್ರಕಟಿಸುವುದು, ರವಾನಿಸುವುದು ಇಲ್ಲಿ ಅಪರಾಧ. ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳಉಡುಪು ಮಾತ್ರ ಇದ್ದರೂ ಇದು ಅನ್ವಯಿಸುತ್ತದೆ. ಈ ಸೆಕ್ಷನ್‌ನಲ್ಲಿ ಓದುಗರು ಗಮನಿಸಬೇಕಾದ ಎರಡು ಅಂಶಗಳಿವೆ. ಇದು ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರನ್ನೂ ರಕ್ಷಿಸುತ್ತದೆ. ಜೊತೆಗೆ, ವ್ಯಕ್ತಿ ಇದ್ದದ್ದು ಸಾರ್ವಜನಿಕ ಸ್ಥಳವೋ ಖಾಸಗಿ ಸ್ಥಳವೋ ಎಂಬುದು ಲೆಕ್ಕಕ್ಕಿಲ್ಲ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಬಸ್ಸು ಹತ್ತುವಾಗ, ಗಾಳಿಗೆ ಬಟ್ಟೆ ಹಾರಿದಾಗ, ಮೆಟ್ಟಿಲ ಕೆಳಗಿನಿಂದ ಹೊಂಚು ಹಾಕಿ ತೆಗೆದ ಚಿತ್ರಗಳು ಇದರೊಳಗೆ ಬರುತ್ತವೆ. ದುಗ್ಗಮ್ಮನ ಜಾತ್ರೆಯಲ್ಲಿ ಬೇವಿನುಡುಗೆಯ ಹರಕೆ ತೀರಿಸುವವರ ಮೇಲೆ ಕ್ಯಾಮೆರಾ ತಿರುಗಿಸುವವರೂ ಇದನ್ನು ನೆನಪಿಡಬೇಕು. ಆ ತಾಯಂದಿರು ಬಂದಿರುವುದು ದೇವಿಯ ಮುಂದೆ ನಿಲ್ಲಲು, ನಮ್ಮ ಮಸೂರದ ಮುಂದೆ ನಿಲ್ಲಲು ಅಲ್ಲ.

ಹಾಗಾದರೆ ಸುಮ್ಮನೆ ನಿಂತಿರುವ ಮಹಿಳೆಯ ಫೋಟೊ ತೆಗೆದರೆ? ಕೇರಳ ಹೈಕೋರ್ಟ್ 2024ರಲ್ಲಿ ಇಂಥದ್ದೇ ಪ್ರಕರಣ ವಿಚಾರಿಸಿತು. ಮನೆಯ ಮುಂದೆ, ಎಲ್ಲರಿಗೂ ಕಾಣುವಂತೆ ಇದ್ದ ಮಹಿಳೆಯ ಫೋಟೊ ತೆಗೆದದ್ದು ಕದ್ದು ನೋಡುವ ಅಪರಾಧವಾಗದು ಎಂದು ಅದು ಹೇಳಿತು. ಆರೋಪಿ ಅಲ್ಲಿಗೇ ಬಿಡುಗಡೆಯಾಗಲಿಲ್ಲ. ಮಹಿಳೆಯ ಗೌರವಕ್ಕೆ ಧಕ್ಕೆ ತರುವ ಮಾತು, ಸನ್ನೆ, ಕೃತ್ಯಗಳ ಸೆಕ್ಷನ್ ಅಡಿ ವಿಚಾರಣೆ ಮುಂದುವರಿಯಲಿ ಎಂದಿತು. ಆ ಸೆಕ್ಷನ್ ಈಗ ಸಂಹಿತೆಯಲ್ಲಿ 79. ಖಾಸಗಿತನಕ್ಕೆ ನುಗ್ಗುವುದನ್ನೂ ಅದು ಒಳಗೊಂಡಿದೆ, ಆದರೆ ಅವಮಾನಿಸುವ ಉದ್ದೇಶವಿತ್ತೆಂದು ತೋರಿಸಬೇಕಾಗುತ್ತದೆ. ಬೇಡವೆಂದರೂ ಒಬ್ಬಾಕೆಯನ್ನು ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಕ್ಕೆ ಯತ್ನಿಸಿದರೆ ಸೆಕ್ಷನ್ 78.

ಹಂಚಿದ ಮೇಲೆ ಬೇರೆಯೇ ಲೆಕ್ಕ

ಭಟ್ಟಿಯಲ್ಲಿ ಅರಳಿದ ಮಂಡಕ್ಕಿ ಮತ್ತೆ ಅಕ್ಕಿಯಾಗುವುದಿಲ್ಲ. ಮೊಬೈಲ್‌ನಲ್ಲಿ ಉಳಿದ ಚಿತ್ರವನ್ನು ಅಳಿಸಬಹುದು. ಗುಂಪುಗಳಿಗೆ ಹೋದದ್ದನ್ನು ವಾಪಸು ತರುವವರಿಲ್ಲ. 2025ರ ಜನವರಿಯಲ್ಲಿ ಪ್ರಯಾಗರಾಜ್‌ನ ಕುಂಭಮೇಳದಲ್ಲಿ ಮಾಲೆ ಮಾರುತ್ತಿದ್ದ ಹುಡುಗಿಯೊಬ್ಬಳ ವಿಡಿಯೊ ದೇಶವೆಲ್ಲ ಹರಿದಾಡಿತು. ಜನ ಮೊಬೈಲ್ ಹಿಡಿದು ಮುತ್ತಿಕೊಂಡ ರಭಸಕ್ಕೆ ವ್ಯಾಪಾರವೇ ನಿಂತು ಆಕೆ ಊರಿಗೆ ಮರಳಬೇಕಾಯಿತು. ವಿಡಿಯೊ ಹಂಚಿದವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಅವರು ಆಕೆಯನ್ನು ಹೊಗಳುತ್ತಿದ್ದರು. ಹೊಗಳಿಕೆಯೂ ಒಬ್ಬರ ಅನ್ನಕ್ಕೆ ಅಡ್ಡ ಬರಬಹುದು.

ಕಾನೂನೂ ಹಂಚಿಕೆಯನ್ನು ಬೇರೆಯಾಗಿಯೇ ನೋಡುತ್ತದೆ. ಖಾಸಗಿ ಕ್ಷಣದ ಚಿತ್ರ ತೆಗೆಯಲು ಮಹಿಳೆ ಒಪ್ಪಿದ್ದರೂ ಅದನ್ನು ಮೂರನೆಯವರಿಗೆ ಕಳುಹಿಸಲು ಒಪ್ಪಿರದಿದ್ದರೆ, ಕಳುಹಿಸುವುದು ಸೆಕ್ಷನ್ 77ರ ಪ್ರಕಾರವೇ ಅಪರಾಧ. ಅಶ್ಲೀಲವಾಗಿ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67. ಸಂತೆಯಲ್ಲಿ ನಿಂತಿದ್ದವರ ಸಾದಾ ಫೋಟೊಗೆ ‘ಕಳ್ಳ’ ಎಂದೋ ‘ಮಕ್ಕಳ ಕಳ್ಳಿ’ ಎಂದೋ ಅಡಿಬರಹ ಸೇರಿಸಿದರೆ ಮಾನಹಾನಿ. ಚಿತ್ರದಲ್ಲಿ ತಪ್ಪಿಲ್ಲ, ಅಡಿಬರಹದಲ್ಲಿದೆ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ನಮ್ಮದೇ ರಾಜ್ಯದಲ್ಲಿ ಅಮಾಯಕರು ಜೀವ ಕಳೆದುಕೊಂಡರು. ಅಪರಿಚಿತರ ಫೋಟೊವನ್ನು ಅನುಮಾನದ ಜೊತೆ ಮುಂದೂಡುವ ಬೆರಳು ಇದನ್ನು ಮರೆಯಬಾರದು.

ಫೋಟೊ ಯಾರ ಸ್ವತ್ತು ಎಂಬ ಪ್ರಶ್ನೆಯೂ ಬರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ತೆಗೆದವರದು. ಮದುವೆಮನೆಯಂತೆ ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಾಗ, ತೆಗೆಸಿದವರದು. ಅದರಲ್ಲಿರುವ ಅಪರಿಚಿತರಿಗೆ ಹಕ್ಕುಸ್ವಾಮ್ಯ ಸಿಗುವುದಿಲ್ಲ. ಹಾಗೆಂದು ತೆಗೆದವರು ಆ ಮುಖವನ್ನು ಸೀರೆ ಅಂಗಡಿಯ ಜಾಹೀರಾತಿಗೆ ಕೊಡುವಂತಿಲ್ಲ. ಒಬ್ಬರ ಮುಖದಿಂದ ವ್ಯಾಪಾರ ಮಾಡಬೇಕಿದ್ದರೆ ಸಹಿ ಮಾಡಿದ ಒಪ್ಪಿಗೆ ಪತ್ರ ಪಡೆಯುವುದೇ ಸರಿಯಾದ ದಾರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನು ಇನ್ನಷ್ಟು ಬಿಗಿ ಮಾಡಲಿದೆ. ಗುರುತು ಸಿಗುವ ಫೋಟೊ ಕೂಡ ದತ್ತಾಂಶವೇ. ಸ್ವಂತಕ್ಕೆ, ಮನೆಮಟ್ಟಿಗೆ ಇಟ್ಟುಕೊಂಡದ್ದಕ್ಕೆ ಈ ಕಾಯ್ದೆ ಅನ್ವಯಿಸದು. ಅಂಗಡಿ, ಕಂಪನಿಗಳು ಬಳಸಿದರೆ ಕಟ್ಟುಪಾಡುಗಳಿವೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಭಾಗಗಳು ಅಲ್ಲಿಂದ ಹದಿನೆಂಟು ತಿಂಗಳ ನಂತರ ಜಾರಿಯಾಗುವಂತೆ.

ಮಕ್ಕಳು

ಇಲ್ಲಿ ಮಾತು ಚಿಕ್ಕದು, ಕಾನೂನು ಗಟ್ಟಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಫೋಟೊ, ಹೆಸರು, ಶಾಲೆ, ಮನೆ, ಯಾವುದರಿಂದಲೂ ಗುರುತು ಹೊರಬರಬಾರದು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 23. ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ, ಅಥವಾ ಆರೈಕೆ ಮತ್ತು ರಕ್ಷಣೆ ಬೇಕಿರುವ ಮಕ್ಕಳಿಗೂ 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಇದೇ ರಕ್ಷಣೆ ಕೊಡುತ್ತದೆ. ಸಿಗ್ನಲ್ ಬಳಿ ಭಿಕ್ಷೆ ಬೇಡುವ ಮಗುವಿನ ಫೋಟೊ ಹಾಕಿ ಮರುಗುವವರು, ಆ ಮಗುವೂ ಈ ಎರಡನೆಯ ಗುಂಪಿಗೇ ಸೇರುತ್ತದೆ ಎಂಬುದನ್ನು ತಿಳಿದಿರಬೇಕು. ಫೋಟೊ ಬೇಡ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಜಾಗಕ್ಕೆ ತಕ್ಕ ನಿಯಮ

ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಮೊಬೈಲ್‌ನಲ್ಲಿ ಒನಕೆ ಓಬವ್ವನ ಕಿಂಡಿಯ ಫೋಟೊ ತೆಗೆಯಲು ತೊಂದರೆಯಿಲ್ಲ. ಟ್ರೈಪಾಡ್ ಊರಿ ಚಿತ್ರೀಕರಿಸಲು, ಸಿನಿಮಾ ಜಾಹೀರಾತು ತೆಗೆಯಲು ಅನುಮತಿ ಬೇಕು. ದೇವಸ್ಥಾನ, ಆಸ್ಪತ್ರೆ, ನ್ಯಾಯಾಲಯಗಳಲ್ಲಿ ಆಯಾ ಜಾಗದ ಕಟ್ಟಳೆಗೆ ತಲೆಬಾಗಬೇಕು. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಲೂ ರಕ್ಷಣಾ ಸಂಶೋಧನೆಯ ಆವರಣಗಳಿವೆ. ನಿಷೇಧಿತ ಸ್ಥಳವೆಂದು ಫಲಕವಿರುವಲ್ಲಿ ಕ್ಯಾಮೆರಾ ಎತ್ತಿದರೆ 1923ರ ಅಧಿಕೃತ ರಹಸ್ಯ ಕಾಯ್ದೆಯ ಬಿಸಿ ತಟ್ಟಬಹುದು.

ಕಾನೂನು ಸುಮ್ಮನಿರುವ ಕಡೆ

ಇಲ್ಲಿಯವರೆಗಿನದು ಜೈಲು, ದಂಡಗಳ ಲೆಕ್ಕ. ಕ್ಯಾಮೆರಾ ಹಿಡಿದವರಿಗೆ ಕಷ್ಟದ ಪ್ರಶ್ನೆಗಳು ಎದುರಾಗುವುದು ಕಾನೂನು ಏನೂ ಹೇಳದ ಜಾಗದಲ್ಲಿ.

ಭಟ್ಟಿಗೆ ಮರಳುತ್ತೇನೆ. ಅಂದು ನಾನು ಮಾಲೀಕರ ಅನುಮತಿ ಕೇಳಿದ್ದೆ, ಅವರು ಸಂತೋಷದಿಂದ ಒಪ್ಪಿದ್ದರು. ಆ ಮಹಿಳೆಯನ್ನು ಕೇಳಿರಲಿಲ್ಲ. ಕೇಳಿದ್ದರೂ, ಕೂಲಿ ಕೊಡುವವರು ಪಕ್ಕದಲ್ಲೇ ನಿಂತಿರುವಾಗ ಬೇಡ ಎನ್ನಲು ಅವರಿಗೆ ಸಾಧ್ಯವಿತ್ತೇ? ಜಾಗದ ಒಡೆಯರು ಜಾಗಕ್ಕೆ ಒಪ್ಪಿಗೆ ಕೊಡಬಲ್ಲರು, ಅಲ್ಲಿ ದುಡಿಯುವವರ ಮುಖಕ್ಕಲ್ಲ. ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಿದಾಗ ಪರದೆಯ ಮೇಲೆ ಚಿತ್ರ ತೋರಿಸಿ, ಬೇಡವೆಂದರೆ ಅಳಿಸುತ್ತೇನೆ ಎಂದೆ. ಮುಖ ಬೇಡ, ಕೈ ಇರಲಿ ಎಂದರು. ಮೊದಲಿನ ಚಿತ್ರವನ್ನು ಅವರ ಎದುರಿಗೇ ಅಳಿಸಿ, ಬರೀ ಕೈಗಳ ಫೋಟೊ ತೆಗೆದುಕೊಂಡೆ. ಮುಂದಿನ ವಾರ ಅದರ ಪ್ರತಿ ಕೊಟ್ಟುಬಂದೆ.

ಕೇಳಿದರೆ ಸಹಜತೆ ಕೆಡುತ್ತದೆ ಎಂಬ ಛಾಯಾಗ್ರಾಹಕರ ಅಳಲು ಸುಳ್ಳಲ್ಲ. ಬೀದಿಯ ಫೋಟೊಗಳಿಗೆ ಚರಿತ್ರೆಯ ಬೆಲೆಯೂ ಇದೆ. ಹತ್ತಿ ಗಿರಣಿಗಳ ಕಾಲದ ದಾವಣಗೆರೆ ಹೇಗಿತ್ತು, ಪಾಳಿ ಮುಗಿಸಿ ಹೊರಬರುವ ಕಾರ್ಮಿಕರು ಏನು ಉಡುತ್ತಿದ್ದರು ಎಂದು ಇಂದಿನ ಮಕ್ಕಳಿಗೆ ತೋರಿಸಬಲ್ಲದ್ದು ಅಂಥ ಚಿತ್ರಗಳೇ. ಆದ್ದರಿಂದ ತೆಗೆಯಲೇಬಾರದು ಎಂಬುದು ನನ್ನ ಮಾತಲ್ಲ. ಮೊದಲು ತೆಗೆದು ಆಮೇಲೆ ಕೇಳುವುದಕ್ಕೆ ಅಡ್ಡಿಯೇನಿದೆ? ಕ್ಷಣವೂ ಸಿಗುತ್ತದೆ, ಒಪ್ಪಿಗೆಯೂ ಸಿಗುತ್ತದೆ. ಬೇಡವೆಂದರೆ ಒಂದು ಚಿತ್ರ ಹೋಗುತ್ತದೆ, ಅಷ್ಟೇ.

ಇನ್ನು ಕೆಲವು ಕಡೆ ಫೋಟೊದ ಉದ್ದೇಶ ಒಳ್ಳೆಯದಿದ್ದೂ ಪರಿಣಾಮ ಕ್ರೂರವಾಗಬಹುದು. ಚಿತ್ರದುರ್ಗ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ಪದ್ಧತಿಯ ವಿರುದ್ಧ ವರದಿಗಳು ಬರುತ್ತಲೇ ಇವೆ, ಬರಬೇಕು ಕೂಡ. ಆದರೆ ಕೆಲವೇ ಮನೆಗಳ ಹಟ್ಟಿಯಲ್ಲಿ ಆ ಹೆಣ್ಣುಮಗಳ ಮುಖ ಅಚ್ಚಾದರೆ, ಪತ್ರಕರ್ತರು ಹಿಂದಿರುಗಿದ ಮೇಲೆ ಹಿರಿಯರ ಮಾತು ಕೇಳಬೇಕಾದವಳು ಅವಳೇ. ಗುಡಿಸಲನ್ನು ತೆಗೆಯಿರಿ, ಮಳೆಗೆ ಒದ್ದೆಯಾದ ನೆಲವನ್ನು ತೆಗೆಯಿರಿ. ವರದಿಯ ಬಲ ಒಂದಿಷ್ಟೂ ಕುಗ್ಗುವುದಿಲ್ಲ.

ಹೆದ್ದಾರಿ 48ರ ಅಪಘಾತಗಳ ಬಗ್ಗೆ ಬರೆಯುವಾಗ ನನ್ನ ಕೈ ಭಾರವಾಗುತ್ತದೆ. ಆಂಬ್ಯುಲೆನ್ಸ್ ಬರುವ ಮೊದಲೇ ವಿಡಿಯೊ ಬರುತ್ತದೆ. ಮನೆಯವರಿಗೆ ಪೊಲೀಸರ ಕರೆ ಹೋಗುವ ಮುನ್ನ ಗುಂಪಿನಲ್ಲಿ ಮಗನ ರಕ್ತಸಿಕ್ತ ಅಂಗಿ ಕಾಣಿಸಿಕೊಳ್ಳುತ್ತದೆ. ಗಾಯಾಳುವಿಗೆ ನೆರವಾದವರನ್ನು ಮೋಟಾರು ವಾಹನ ಕಾಯ್ದೆ ಈಗ ರಕ್ಷಿಸುತ್ತದೆ. ಸಾಕ್ಷಿ ಹೇಳಬೇಕೆಂಬ ಒತ್ತಾಯವಿಲ್ಲ, ಹೆಸರು ಹೇಳಬೇಕೆಂಬ ಕಟ್ಟುಪಾಡಿಲ್ಲ. ಮೊಬೈಲ್ ಎತ್ತುವುದಾದರೆ 112 ಒತ್ತುವುದಕ್ಕೆ ಎತ್ತಬೇಕು. ವಾಹನದ ಸಂಖ್ಯೆ, ಸ್ಥಳದ ಚಿತ್ರ ತನಿಖೆಗೆ ಬೇಕಾಗುತ್ತವೆ. ಅವುಗಳನ್ನು ಪೊಲೀಸರಿಗೆ ಕೊಡಿ, ಗುಂಪಿಗೆ ಹಾಕಬೇಡಿ.

ನಿಮ್ಮ ಫೋಟೊವನ್ನೇ ಯಾರಾದರೂ ತೆಗೆದರೆ

ಮೊದಲು ನೇರವಾಗಿ ಕೇಳಿ: ಏಕೆ ತೆಗೆದಿರಿ, ಎಲ್ಲಿ ಹಾಕುತ್ತೀರಿ? ಬಹಳಷ್ಟು ಸಲ ವಿಷಯ ಅಲ್ಲೇ ಮುಗಿಯುತ್ತದೆ. ಮೊಬೈಲ್ ಕಿತ್ತುಕೊಳ್ಳುವ, ಹೊಡೆಯುವ ಅಧಿಕಾರ ನಿಮಗಾಗಲಿ ಸೇರಿದ ಗುಂಪಿಗಾಗಲಿ ಇಲ್ಲ. ಅಪರಾಧದ ಶಂಕೆಯಿದ್ದಾಗ ಅದನ್ನು ವಶಕ್ಕೆ ಪಡೆಯುವುದು ಪೊಲೀಸರ ಕೆಲಸ.

ಒಂದು ಎಚ್ಚರಿಕೆ. ತೆಗೆದದ್ದು ಅಸಭ್ಯ ಚಿತ್ರವೆಂದು ಅನಿಸಿದರೆ ಸ್ಥಳದಲ್ಲೇ ಅಳಿಸುವಂತೆ ಒತ್ತಾಯಿಸಬೇಡಿ. ಆ ಗಳಿಗೆಗೆ ಸಮಾಧಾನವಾಗಬಹುದು, ಆದರೆ ಅಳಿಸಿದ್ದು ನಿಮ್ಮ ದೂರಿಗೆ ಬೇಕಾದ ಸಾಕ್ಷ್ಯ. 112ಕ್ಕೆ ಕರೆ ಮಾಡಿ, ಸುತ್ತಲಿದ್ದವರಲ್ಲಿ ಒಬ್ಬಿಬ್ಬರ ಹೆಸರು ಬರೆದುಕೊಳ್ಳಿ.

ಚಿತ್ರ ಆಗಲೇ ಅಂತರ್ಜಾಲದಲ್ಲಿದ್ದರೆ ಅದರ ಕೊಂಡಿ, ಖಾತೆಯ ಹೆಸರು, ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಡಿ. ನ್ಯಾಯಾಲಯದಲ್ಲಿ ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ, ಹಾಗಾಗಿ ಸ್ಕ್ರೀನ್‌ಶಾಟ್ ತೆಗೆದ ಮೊಬೈಲನ್ನು ಮಾರಬೇಡಿ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು; ಘಟನೆ ನಮ್ಮ ವ್ಯಾಪ್ತಿಯದಲ್ಲ ಎಂದು ವಾಪಸು ಕಳುಹಿಸುವಂತಿಲ್ಲ. ಸೈಬರ್ ಅಪರಾಧಗಳಿಗೆ ಜಿಲ್ಲಾ ಮಟ್ಟದಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಯಿದೆ. ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರುಗಳ ವಿಭಾಗವಿದ್ದು, ಅಲ್ಲಿ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು.

ಇದರ ಜೊತೆಗೇ ಆ ಜಾಲತಾಣದ ದೂರು ಅಧಿಕಾರಿಗೂ ಬರೆಯಿರಿ. ನಗ್ನತೆಯಿರುವ ಅಥವಾ ತಿರುಚಿದ ಚಿತ್ರಗಳನ್ನು ದೂರು ಬಂದ 24 ಗಂಟೆಗಳೊಳಗೆ ತೆಗೆಯಬೇಕೆಂಬ ಗಡುವಿನೊಂದಿಗೇ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಂದವು. ದೂರು ಅಧಿಕಾರಿಯ ಉತ್ತರ ಸರಿಯೆನಿಸದಿದ್ದರೆ ಕೇಂದ್ರ ಸರ್ಕಾರ ರಚಿಸಿರುವ ಮೇಲ್ಮನವಿ ಸಮಿತಿಗೆ ಹೋಗಬಹುದು. ಅದಕ್ಕೆ ವಕೀಲರೇ ಬೇಕೆಂದಿಲ್ಲ, ಮೊಬೈಲ್‌ನಿಂದಲೇ ಅರ್ಜಿ ಹಾಕಬಹುದು.